ಆಮೇಲೆ ಆ ಮನೆಯಲ್ಲಿ ಯಾರಿದ್ದರು?

(ಶ್ರೀರಂಗಪಟ್ಟಣದ ಹಳೇ ಮನೆಗಳ ಬಗ್ಗೆ ಆ ಊರಿನಲ್ಲೇ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿ ಹೆಚ್ಚು ಬದಲಾಗದ ಹಾಗೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಟ್ಟಣದವರ ಮುಂದೆ ನಿಂತು ಪಟ್ಟಣದ ಚರಿತ್ರೆ ಹೇಳೋದು ಕಷ್ಟದ ಕೆಲಸ. 1799ರ ಮೇ 4 ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಕೋಟೆ ಎಲ್ಲಿ ಒಡೆಯಿತು, ಟಿಪ್ಪು ಎಲ್ಲಿ ಬಿದ್ದ ಅಂತ ಟಾಂಗಾ ಹೊಡೆಯುವವರೂ ಹೇಳುತ್ತಾರೆ. ಹಾಗಾಗಿ ಯುದ್ಧವನ್ನು ಬಿಟ್ಟುಬಿಡೋಣ. ನಾನು ಮೇ 5ರಿಂದ ಶುರು ಮಾಡುತ್ತೇನೆ.

ಯುದ್ಧ ಮುಗಿದ ಮಾರನೆಯ ದಿನ ಈ ಕೋಟೆಯೊಳಗಿನ ಮನೆಗಳಲ್ಲಿ ಏನಾಗುತ್ತಿತ್ತು? ರಾತ್ರಿಯೆಲ್ಲ ಲೂಟಿ ನಡೆದಿತ್ತು. ಬೆಳಿಗ್ಗೆ ಆರ್ಥರ್ ವೆಲ್ಲೆಸ್ಲಿ ಊರಿನ ಅಧಿಕಾರ ವಹಿಸಿಕೊಂಡ. ಲೂಟಿಕೋರರಲ್ಲಿ ನಾಲ್ವರನ್ನು ಗಲ್ಲಿಗೇರಿಸಿದ ಮೇಲೆ ಗಲಾಟೆ ನಿಂತಿತು. ಕೆಲವು ದಿನಗಳ ನಂತರ ತನ್ನ ಅಣ್ಣ ಗವರ್ನರ್ ಜನರಲ್‌ಗೆ ಬರೆದ ಪತ್ರದಲ್ಲಿ, ಊರಿನಲ್ಲಿ ಲೂಟಿಯಾಗದ ಮನೆ ಇಲ್ಲವೆಂದೇ ಹೇಳಬೇಕು ಅಂತ ಅವನೇ ಒಪ್ಪಿಕೊಂಡಿದ್ದಾನೆ. ಗೆದ್ದವರ ಕಡೆಯ ಸೇನಾಧಿಕಾರಿಯ ಮಾತು ಇದು. ಪಾತ್ರೆ, ಒಡವೆ, ಬಟ್ಟೆ ಹೋದ ಆ ಮನೆಗಳವರು ಯಾರು? ಅದನ್ನು ಯಾವ ಪತ್ರದಲ್ಲೂ ಯಾರೂ ಬರೆದಿಲ್ಲ.

ನನ್ನ ಮಾತಿನ ಮೂಲ ಇದೇ. ಮನೆ ಯಾರು ಕಟ್ಟಿಸಿದರು ಅಂತ ಫಲಕ ಹಾಕುತ್ತೇವೆ. ಆಮೇಲೆ ಅಲ್ಲಿ ಯಾರಿದ್ದರು ಅಂತ ಕೇಳುವುದಿಲ್ಲ. ಒಂದು ಮನೆಗೆ ಕಟ್ಟಿಸಿದವರ ಜೊತೆ ಹತ್ತು ವರ್ಷದ ನಂಟಿದ್ದರೆ, ಆಮೇಲೆ ಬಂದವರ ಜೊತೆ ನೂರಾರು ವರ್ಷದ ನಂಟಿರುತ್ತದೆ.

ದರಿಯಾ ದೌಲತ್ತನ್ನೇ ನೋಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ತೇಗದ ಕಂಬಗಳು, ಸುತ್ತ ತೋಟ, ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ. ಅದರಲ್ಲಿ ಹೈದರನೂ ಟಿಪ್ಪುವೂ ಇಂಗ್ಲಿಷರನ್ನು ಸೋಲಿಸುತ್ತಿದ್ದಾರೆ. ಟಿಪ್ಪು ಇಲ್ಲಿ ಕಳೆದದ್ದು ಹದಿನೈದು ವರ್ಷಕ್ಕಿಂತ ಕಡಿಮೆ. ಅವನ ನಂತರ ಇಲ್ಲಿ ಬಂದು ಉಳಿದವನು ಅದೇ ವೆಲ್ಲೆಸ್ಲಿ. ಮುಂದೆ ವಾಟರ್‌ಲೂ ಯುದ್ಧ ಗೆದ್ದು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡವನು. ಮುತ್ತಿಗೆಗೆ ಮುಂಚೆ ಆ ಚಿತ್ರದ ಮೇಲೆ ಸುಣ್ಣ ಬಳಿಸಲಾಗಿತ್ತು. ತನ್ನವರು ಸೋತ ಚಿತ್ರವನ್ನು ಮತ್ತೆ ಸರಿಪಡಿಸಿದ್ದು ಇದೇ ವೆಲ್ಲೆಸ್ಲಿ. ಅದು ಪುನಃ ಮಾಸಿತು. 1850ರ ದಶಕದಲ್ಲಿ ಲಾರ್ಡ್ ಡಾಲ್‌ಹೌಸಿ ಮತ್ತೆ ಬರೆಸಿದ. ನಾವು ಇವತ್ತು ಟಿಕೆಟ್ ಕೊಟ್ಟು ನೋಡುವ ಚಿತ್ರ ಇಷ್ಟು ಜನರ ಕೈ ದಾಟಿ ಬಂದದ್ದು.

ಆ ಕಾಲದ ಇನ್ನೊಬ್ಬನ ಕಥೆ ನನಗೆ ಇನ್ನೂ ಹತ್ತಿರದ್ದು. ಚನ್ನಗಿರಿಯ ಧೋಂಡಿಯ ವಾಘ್ ಹೆಸರು ಕೇಳಿದ್ದೀರಿ. ಟಿಪ್ಪು ಅವನನ್ನು ಇದೇ ಊರಿನ ಸೆರೆಯಲ್ಲಿ ಇಟ್ಟಿದ್ದ. ಕೋಟೆ ಬಿದ್ದ ಗೊಂದಲದಲ್ಲಿ ಅವನು ತಪ್ಪಿಸಿಕೊಂಡು ಹೋಗಿ, ಕುದುರೆ ಸವಾರರನ್ನು ಸೇರಿಸಿಕೊಂಡು ಇಂಗ್ಲಿಷರನ್ನು ಒಂದು ವರ್ಷ ಕಾಡಿದ. 1800ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯ ಸೈನ್ಯ ಅವನನ್ನು ಕೊಂದಿತು. ಅಲ್ಲಿ ಸಾಮಾನು ಸರಂಜಾಮಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ತಾನು ಕೊಂದವನ ಮಗನನ್ನು ವೆಲ್ಲೆಸ್ಲಿ ಕರೆತಂದು ತನ್ನ ಆಶ್ರಯದಲ್ಲಿ ಬೆಳೆಸಿದ. ದೇಶ ಬಿಟ್ಟು ಹೋಗುವಾಗ ಹುಡುಗನ ಖರ್ಚಿಗೆ ಹಣ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಸೇವೆಗೆ ಸೇರಿದ. 1822ರಲ್ಲಿ ಕಾಲರಾಕ್ಕೆ ಬಲಿಯಾದ. ಅಪ್ಪ ಸೆರೆಯಾಳಾಗಿದ್ದ ಊರು, ಮಗ ಆಶ್ರಯ ಪಡೆದ ಊರು, ಎರಡೂ ಇದೇ. ದರಿಯಾ ದೌಲತ್ತಿಗೆ ಬಂದವರಿಗೆ ಈ ಹುಡುಗನ ಹೆಸರನ್ನೂ ಹೇಳಬೇಕು ಅಂತ ನನ್ನ ಆಸೆ.

ಈಗ ಸ್ವಲ್ಪ ಲೆಕ್ಕ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಇಲ್ಲಿಗೆ ಬಂದ. ಮೈಸೂರು ಸೀಮೆಯಲ್ಲೆಲ್ಲ ಸುತ್ತಿ ಬೆಳೆ, ಕಸುಬು, ಜನರ ವಿವರ ಬರೆದವನು. ಟಿಪ್ಪುವಿನ ಕಾಲದಲ್ಲಿ ಈ ದ್ವೀಪದಲ್ಲಿ 1,50,000 ಜನ ಇದ್ದಿರಬಹುದು ಅಂತ ಅವನ ಅಂದಾಜು. ಅವನು ಬಂದಾಗ ಕೋಟೆಯೊಳಗೆ 4,163 ಮನೆ, 5,499 ಸಂಸಾರ. ಹೊರಗೆ ಗಂಜಾಂನಲ್ಲಿ 2,216 ಮನೆ, 3,335 ಸಂಸಾರ. ಮನೆಗೆ ಐದು ಜನ ಅಂತ ಹಿಡಿದು ಒಟ್ಟು 31,895 ಜನ ಅಂತ ಲೆಕ್ಕ ಹಾಕಿದ್ದಾನೆ. ಒಂದೇ ವರ್ಷದಲ್ಲಿ ಊರು ಎಷ್ಟು ಬರಿದಾಯಿತು ನೋಡಿ.

ಈ ಲೆಕ್ಕದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಕೋಟೆಯಲ್ಲಿ ಮನೆಗಳಿಗಿಂತ ಸಂಸಾರಗಳು 1,336 ಜಾಸ್ತಿ. ಅಂದರೆ ಎಷ್ಟೋ ಸೂರಿನಡಿ ಎರಡು ಸಂಸಾರ ಇದ್ದವು. ಅಷ್ಟು ಜನ ಊರು ಬಿಟ್ಟ ಮೇಲೂ ಉಳಿದವರಿಗೆ ತಲೆಗೊಂದು ಮನೆ ಇರಲಿಲ್ಲ. ಅವು ಅಣ್ಣತಮ್ಮಂದಿರ ಮನೆಗಳೋ, ಬಾಡಿಗೆಯವರೋ, ಬಿದ್ದ ಮನೆಯವರು ನೆಂಟರ ಮನೆಗೆ ಬಂದು ಸೇರಿದ್ದೋ? ಬುಕಾನನ್ ಎಣಿಸಿದ, ಹೆಸರು ಬರೆಯಲಿಲ್ಲ. ಆದರೆ ಒಲೆ ಎರಡಾದ ಮನೆಯ ಬದುಕು ಹೇಗಿರುತ್ತದೆ ಅಂತ ಇಲ್ಲಿ ಕೂತವರಲ್ಲಿ ಬಹಳ ಜನಕ್ಕೆ ಗೊತ್ತು, ಅಲ್ವಾ?

ಬಿಟ್ಟವರು ಎಲ್ಲಿಗೆ ಹೋದರು? ಸುಲ್ತಾನನ ಮಕ್ಕಳನ್ನು ವೇಲೂರಿಗೆ ಕಳಿಸಿದರು. ಅಂತಃಪುರದ ಹೆಂಗಸರೂ ಆಮೇಲೆ ಅಲ್ಲಿಗೇ ಹೋದರು. 1806ರಲ್ಲಿ ವೇಲೂರಿನಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಆ ಮನೆತನವನ್ನು ಕಲ್ಕತ್ತಾಗೆ ಸಾಗಿಸಿದರು. ಇನ್ನೊಂದು ಕಡೆ, ಇದೇ ಊರಿನಲ್ಲಿ 1794ರ ಜುಲೈ 14ರಂದು ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಮೈಸೂರಿನಲ್ಲಿ ಪಟ್ಟವಾಯಿತು. ಅಲ್ಲಿಯ ತನಕ ಆ ರಾಜಮನೆತನ ಈ ಕೋಟೆಯಲ್ಲೇ ಕಾವಲಿನಲ್ಲಿತ್ತು. 1796ರಲ್ಲಿ ಅರಮನೆ ಖಾಲಿ ಮಾಡಿಸಿದಾಗ ಅವರೆಲ್ಲ ಒಂದು ಸಣ್ಣ ಮನೆಗೆ ಹೋಗಬೇಕಾಯಿತು. ಅಲ್ಲಿಂದಲೇ ರಾಣಿ ಲಕ್ಷ್ಮಮ್ಮಣ್ಣಿಯವರು ರಾಜ್ಯ ಮರಳಿ ಪಡೆಯುವ ಪ್ರಯತ್ನವನ್ನು ಮುಂದುವರಿಸಿದರು. ಮುಮ್ಮಡಿಯವರು ಹುಟ್ಟಿದ ಜಾಗದಲ್ಲಿ ಸ್ಮಾರಕ ಇದೆ. ಆ ಸಣ್ಣ ಮನೆಗೆ ಏನೂ ಇಲ್ಲ. ನನ್ನನ್ನು ಕೇಳಿದರೆ ಮೈಸೂರಿನ ಚರಿತ್ರೆಯಲ್ಲಿ ಆ ಮನೆ ಯಾವ ಅರಮನೆಗಿಂತಲೂ ಕಡಿಮೆಯದಲ್ಲ.

ಆಸ್ಥಾನ ಮೈಸೂರಿಗೆ ಹೋದ ಮೇಲೆ ಅದನ್ನು ನಂಬಿದವರೂ ಹೊರಟರು. ಊರಿನಲ್ಲಿ ಉಳಿದದ್ದು ಕಂಪನಿಯ ಸೈನ್ಯ. ದ್ವೀಪವೂ ಕಂಪನಿಗೇ ಸೇರಿತು. ಆ ಸೈನ್ಯ ಇದ್ದ ಹತ್ತು ಹನ್ನೆರಡು ವರ್ಷದಲ್ಲಿ ಹೊಳೆ ಅಂಚಿನಲ್ಲಿ ಬಂಗಲೆಗಳು ಎದ್ದವು. ಅವುಗಳಲ್ಲಿ ಮೂರರ ಮಾತು ಹೇಳಬೇಕು.

ಒಂದನ್ನು ಲಾರ್ಡ್ ಹ್ಯಾರಿಸ್ ಮನೆ ಅನ್ನುತ್ತಾರೆ. ಮುತ್ತಿಗೆ ಹಾಕಿದ ಸೈನ್ಯದ ಮುಖ್ಯಸ್ಥ ಜಾರ್ಜ್ ಹ್ಯಾರಿಸ್ ಇಲ್ಲಿ ಸ್ವಲ್ಪ ಕಾಲ ಇದ್ದ. ಲಾರ್ಡ್ ಪದವಿ ಅವನಿಗೆ ಸಿಕ್ಕಿದ್ದೇ 1815ರಲ್ಲಿ. ಆಮೇಲೆ ಇದು ಇಲ್ಲಿನ ಸೇನಾಧಿಕಾರಿಯ ಮನೆಯಾಯಿತು. ಡಾಕ್ಟರ್ ಬಂಗಲೆ ಅಂತಲೂ ಹೆಸರು ಬಂತು. ಆದರೆ ನನ್ನ ಮಟ್ಟಿಗೆ ಇದು ದಿವಾನ್ ಪೂರ್ಣಯ್ಯನವರ ಮನೆ. ಹೈದರ್, ಟಿಪ್ಪು, ಆಮೇಲೆ ಬಾಲಕ ಮುಮ್ಮಡಿ, ಈ ಮೂವರ ಕಾಲದಲ್ಲೂ ಲೆಕ್ಕ, ಕಂದಾಯ, ಆಡಳಿತ ನೋಡಿದವರು. ಈ ಊರಿನ ವೆಲ್ಲೆಸ್ಲಿ ಸೇತುವೆ 1804ರಲ್ಲಿ ಮುಗಿದದ್ದು ಅವರ ಉಸ್ತುವಾರಿಯಲ್ಲಿ. ಗವರ್ನರ್ ಜನರಲ್ ಹೆಸರನ್ನು ಅದಕ್ಕೆ ಇಟ್ಟವರೂ ಅವರೇ. 1811ರಲ್ಲಿ ಅಧಿಕಾರ ಬಿಟ್ಟರು. ಯಳಂದೂರಿನಲ್ಲಿ ಅವರಿಗೆ ಜಹಗೀರು ಇತ್ತು. ಮೈಸೂರಿನಲ್ಲೂ ಉಳಿಯಬಹುದಿತ್ತು. ಬಂದದ್ದು ಮಾತ್ರ ಇಲ್ಲಿಗೆ, ದುಡಿಮೆಯ ದಿನಗಳನ್ನು ಕಳೆದ ಊರಿಗೆ. 1812ರ ಮಾರ್ಚ್ 27ರಂದು ಇಲ್ಲೇ ತೀರಿಕೊಂಡರು. ಕೆಲವೇ ತಿಂಗಳು ಅವರು ಈ ಮನೆಯಲ್ಲಿ ಇದ್ದದ್ದು. ಆ ತಿಂಗಳುಗಳಲ್ಲಿ ಆ ಹಿರಿಯರು ಹೊಳೆ ನೋಡುತ್ತಾ ಏನೇನು ನೆನೆಸಿಕೊಂಡಿರಬಹುದು ಅಂತ ಯೋಚಿಸಿ.

ಎರಡನೆಯದು ಸ್ಕಾಟ್ ಬಂಗಲೆ. ಇದರ ಕಥೆ ನಿಮಗೆಲ್ಲ ಗೊತ್ತು. ಕರ್ನಲ್ ಸ್ಕಾಟ್ ಇಲ್ಲಿನ ತೋಪುಗಾಡಿ ಕಾರ್ಖಾನೆಯ ಮುಖ್ಯಸ್ಥ. ಹೆಂಡತಿ ಮಕ್ಕಳು ಕಾಲರಾದಲ್ಲಿ ಹೋದರು, ಅವನು ಮನೆ ತೆರೆದಿಟ್ಟೇ ಹೊರಟುಹೋದ, ಹೊಳೆಗೆ ಬಿದ್ದ ಅಂತಲೂ ಹೇಳುತ್ತಾರೆ. ಮಹಾರಾಜರು ಆ ಮನೆಯ ಒಂದು ಕುರ್ಚಿಯನ್ನೂ ಅಲುಗಿಸಬೇಡಿ ಅಂದರಂತೆ. ಬಹಳ ಕಾಲ ಪಿಯಾನೋ, ಮಂಚ, ಪರದೆ ಎಲ್ಲ ಹಾಗೇ ಇದ್ದವಂತೆ. ಇಂಗ್ಲಿಷ್ ಪದ್ಯವೂ ಹುಟ್ಟಿಕೊಂಡಿತು. ಇದನ್ನು ದೆವ್ವದ ಮನೆ ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ. ಅಲ್ಲಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ ಅವರ ಸಮಾಧಿ ಇದೆ. 1817ರಲ್ಲಿ ಹೆರಿಗೆಯಲ್ಲಿ ಹೋದ ಹೆಣ್ಣುಮಗಳು. ಆ ಕಾಲದಲ್ಲಿ ಬಂಗಲೆಯಲ್ಲೂ ಗುಡಿಸಲಲ್ಲೂ ಒಂದೇ ಥರ ನಡೆಯುತ್ತಿದ್ದ ಸಾವು ಅದು. ಅದಕ್ಕೆ ದೆವ್ವ ಸೇರಿಸಬೇಕಾಗಿಲ್ಲ.

ಇನ್ನೂ ಒಂದು ಯೋಚನೆ ಬರುತ್ತದೆ. ಮನೆ ಅಷ್ಟು ವರ್ಷ ಹಾಗೇ ಉಳಿಯಿತು ಅಂದರೆ ದಿನಾ ಯಾರೋ ಕಸ ಹೊಡೆದಿದ್ದಾರೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿದ್ದಾರೆ. ರಾತ್ರಿ ಕಾವಲು ಮಲಗಿದ್ದಾರೆ. ಸ್ಕಾಟ್ ಇದ್ದದ್ದಕ್ಕಿಂತ ಜಾಸ್ತಿ ದಿನ ಆ ಮನೆಯಲ್ಲಿ ಕಳೆದವರು ಆ ಕಾವಲಿನವರೇ ಇರಬೇಕು. ಪದ್ಯದಲ್ಲಿ ಅವರಿಲ್ಲ.

ಮೂರನೆಯ ಮನೆಯಲ್ಲಿ ಇದ್ದವನು ಥಾಮಸ್ ಡಿ ಹ್ಯಾವಿಲ್ಯಾಂಡ್, ಸೈನ್ಯದ ಎಂಜಿನಿಯರ್. ಹೊಳೆಗೆ ಕೆಲವೇ ದೊಡ್ಡ ಕಮಾನುಗಳ ಸೇತುವೆ ಕಟ್ಟಬಹುದು ಅಂತ ಅವನ ವಾದ. ಯಾರೂ ನಂಬಲಿಲ್ಲ. 1808ರಲ್ಲಿ ತನ್ನ ಮನೆಯ ತೋಟದಲ್ಲೇ ಇಟ್ಟಿಗೆಯ ಒಂದು ಕಮಾನು ಕಟ್ಟಿ ತೋರಿಸಿದ. ಅಗಲ ನೂರು ಅಡಿಗಿಂತ ಜಾಸ್ತಿ. ಮಾರನೆಯ ವರ್ಷ ಮದ್ರಾಸ್ ಸೈನ್ಯದ ಇಂಗ್ಲಿಷ್ ಅಧಿಕಾರಿಗಳೇ ತಮ್ಮ ಸರ್ಕಾರದ ವಿರುದ್ಧ ದಂಗೆ ಎದ್ದರು. ಈ ಕೋಟೆಯ ಬಾಗಿಲು ಹಾಕಿಕೊಂಡು ಕೂತರು. ಡಿ ಹ್ಯಾವಿಲ್ಯಾಂಡ್ ಅವರ ಜೊತೆ ಸೇರಿ ಕೆಲಸ ಕಳೆದುಕೊಂಡ. ಕೆಲವು ವರ್ಷದ ಮೇಲೆ ಕೆಲಸ ಮರಳಿ ಸಿಕ್ಕಿತು. ಮದ್ರಾಸಿನ ಸೇಂಟ್ ಆಂಡ್ರೂಸ್ ಚರ್ಚ್ ಕಟ್ಟಿದವನು ಇವನೇ. ಪಟ್ಟಣದ ಕಮಾನು ಮಾತ್ರ ಮನೆಯವನಿಲ್ಲದೆ 1937ರವರೆಗೆ ನಿಂತಿತ್ತು. ಆಮೇಲೆ ಬಿತ್ತು.

ಮಲೇರಿಯಾ ತಡೆಯಲಾರದೆ ಸೈನ್ಯ 1809ರಿಂದ ಬೆಂಗಳೂರಿಗೆ ಹೊರಟಿತು. ಬೆಂಗಳೂರು ದಂಡು ಹುಟ್ಟಿದ್ದು ಹೀಗೆ. ಕಂಪನಿ ಈ ದ್ವೀಪವನ್ನು ಮೈಸೂರಿಗೆ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆಗೆ ಬಿಟ್ಟಿತ್ತು. ನಡುವೆ ಇಂಗ್ಲಿಷರ ಆಡಳಿತಕ್ಕೆ ಹೋಗಿದ್ದ ರಾಜ್ಯ 1881ರಲ್ಲಿ ಒಡೆಯರಿಗೆ ಮರಳಿದಾಗ ಬೆಂಗಳೂರು ದಂಡಿನ ಜಾಗಕ್ಕೆ ಬದಲಾಗಿ ಶ್ರೀರಂಗಪಟ್ಟಣ ಮೈಸೂರಿಗೆ ಸೇರಿತು. ಎರಡು ಊರಿನ ಜನರನ್ನು ಕೇಳದೆ ಮಾಡಿದ ಅದಲುಬದಲು ಅದು.

ಕೆಡವಿದ ಮನೆಗಳ ಮಾತೂ ಹೇಳಬೇಕು. ದ್ವೀಪದ ಮೂಡಣ ತುದಿಯಲ್ಲಿ ಲಾಲ್‌ಬಾಗ್ ಅರಮನೆ ಇತ್ತು. 1792ರಲ್ಲಿ ಕಾರ್ನ್‌ವಾಲಿಸ್ ಬಂದಾಗ ಅದರ ತೋಟದ ಮರ ಕಡಿದು ಮುತ್ತಿಗೆಗೆ ಬಳಸಿದರು. ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಮುಂದೆ ಅದರ ತೊಲೆಗಳನ್ನು ಬಿಚ್ಚಿ ಊಟಿಗೆ ಸಾಗಿಸಿದರು. ಬೆಟ್ಟಕ್ಕೆ ಆನೆಗಳಿಂದ ಎಳೆಸಿದರು ಅಂತ ಹೇಳುತ್ತಾರೆ. 1830ರಲ್ಲಿ ಆದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಚಾವಣಿ ನೋಡಿದರೆ ನೀವು ನೋಡುತ್ತಿರುವುದು ಪಟ್ಟಣದ ಮರ. ಕೋಟೆಯೊಳಗಿನ ಅರಮನೆಯೂ ಬಹುಪಾಲು ಹೋಯಿತು. ಉಳಿದ ಭಾಗದಲ್ಲಿ ಗಂಧದ ಮರ ಶೇಖರಿಸಿಡುತ್ತಿದ್ದರು. ಮರ, ಕಲ್ಲು, ಬಾಗಿಲು ಯಾವತ್ತೂ ಸುಮ್ನೆ ಕೂರುವುದಿಲ್ಲ. ನಿಮ್ಮ ಮನೆಯ ಹೊಸಿಲು ಮೊದಲು ಯಾವ ಮನೆಯ ಹೊಸಿಲಾಗಿತ್ತೋ ಹೇಳೋಕಾಗದು.

ಗಂಜಾಂ ಬಗ್ಗೆ ಬೇರೆಯೇ ಒಂದು ದಿನ ಮಾತಾಡಬೇಕು. ಟಿಪ್ಪು ಶಿರಾದಿಂದ 12,000 ಸಂಸಾರಗಳನ್ನು ತಂದು ಇಲ್ಲಿ ನೆಲೆ ಮಾಡಿಸಿದ ಅಂತ ಹಳೇ ಗ್ಯಾಸೆಟಿಯರ್ ಹೇಳುತ್ತದೆ. ತಮ್ಮ ಇಷ್ಟದಿಂದ ಬಂದವರಲ್ಲ ಅವರು. ಊರು, ಹೊಲ, ಬಾವಿ ಬಿಟ್ಟು ಬಂದು ಇಲ್ಲಿ ಮನೆ ಕಟ್ಟಿಕೊಂಡರು. ಅದೇ ಗಂಜಾಂನಲ್ಲಿ 1800ರ ಸುಮಾರಿಗೆ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಚರ್ಚ್ ಕಟ್ಟಿಸಿದರು. ನಮ್ಮವರ ಹಾಗೇ ಉಡುಪು ಹಾಕಿ, ಜನರ ನಡುವೆ ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯೋರು ಅಂತ ಕರೆದರು. ಸಿಡುಬಿನ ಲಸಿಕೆ ಹೊಸದಾಗಿದ್ದ ಕಾಲದಲ್ಲಿ ಸಾವಿರಾರು ಜನಕ್ಕೆ ಲಸಿಕೆ ಹಾಕಿಸಿದರು. ಆ ಲಸಿಕೆಯಿಂದ ಉಳಿದ ಮಕ್ಕಳ ಮೊಮ್ಮಕ್ಕಳು ನಿಮ್ಮಲ್ಲೂ ಇರಬಹುದು.

ಈಗ ನಿಮ್ಮ ಮನೆಗಳಿಗೆ ಬರೋಣ. ಜಗಲಿ, ಪಡಸಾಲೆ, ನಡುಮನೆ, ತೊಟ್ಟಿ, ಹಿತ್ತಿಲು ಇರುವ ಮನೆಗಳು. ಇವುಗಳ ಮುಂದೆ ಫಲಕ ಇಲ್ಲ. ಗೋಡೆಯಲ್ಲಿ ಕಾಲ ಓದಬಹುದು. ನಾಡ ಹೆಂಚಿನ ಚಾವಣಿ ಹಳೆಯದು. ಮಂಗಳೂರು ಹೆಂಚಿನ ಕಾರ್ಖಾನೆ ಬಾಸೆಲ್ ಮಿಷನ್‌ನವರು ಶುರು ಮಾಡಿದ್ದೇ 1865ರಲ್ಲಿ. ಹಾಗಾಗಿ ಆ ಹೆಂಚಿನ ಮಾಡು ಅದಕ್ಕಿಂತ ಹಿಂದಿನದಾಗಲಾರದು. ಬೆಂಗಳೂರು–ಮೈಸೂರು ರೈಲು ಬಂದದ್ದು 1880ರ ದಶಕದ ಮೊದಲಲ್ಲಿ. ದಾರಿ ಕೋಟೆಯನ್ನೇ ಸೀಳಿಕೊಂಡು ಹೋಯಿತು. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಲೇಗು ಬಂತು. ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಎಷ್ಟೋ ಜನ ವಾಪಸ್ ಬರಲಿಲ್ಲ. 1901ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 8,584. ಬುಕಾನನ್ ಕಾಲದ ಕೋಟೆಯೊಳಗಿನ ಜನಕ್ಕೆ ಅರ್ಧವೂ ಅಲ್ಲ.

ಇದೆಲ್ಲ ಊರಿನ ಕಥೆ. ಒಂದೊಂದು ಮನೆಯ ಕಥೆ ನಿಮ್ಮ ಟ್ರಂಕಿನಲ್ಲಿದೆ. ಹಳೇ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಿಲು ಅಂತ ಬರೆದಿರುತ್ತದೆ. ಒಂದು ಪತ್ರದಲ್ಲಿ ನಿಮ್ಮ ಮನೆಯ ಜೊತೆ ಅಕ್ಕಪಕ್ಕದವರ ಹೆಸರೂ ಸಿಕ್ಕಿತು. ಪಕ್ಕದ ಮನೆಯವರೂ ಅವರ ಪತ್ರ ತೆಗೆದರೆ ಇನ್ನೂ ಎರಡು ಮನೆ ಆಚೆಗೆ ಹೋಗಬಹುದು. ಹೀಗೆ ಹೆಣಿಗೆ ಹಾಕಿದ ಹಾಗೆ ಹಿಡಿದುಕೊಂಡು ಹೋದರೆ ಇಡೀ ಬೀದಿ ಎದ್ದು ನಿಲ್ಲುತ್ತದೆ. ಪಾಲುಪಟ್ಟಿಯಲ್ಲಿ ಬಾವಿ ಯಾರಿಗೆ, ದನದ ಕೊಟ್ಟಿಗೆ ಯಾರಿಗೆ, ವಿಧವೆ ತಾಯಿಗೆ ಯಾವ ಕೋಣೆ ಅಂತ ಇರುತ್ತದೆ. ಪುರಸಭೆಯ ಮನೆ ತೆರಿಗೆಯ ಹಳೇ ಪುಸ್ತಕದಲ್ಲಿ ಖಾತೆ ಯಾರಿಂದ ಯಾರಿಗೆ ಹೋಯಿತು ಅಂತ ಇರುತ್ತದೆ. ಹೆಂಗಸರ ಹೆಸರು ಈ ಕಾಗದಗಳಲ್ಲಿ ಕಡಿಮೆ. ಬಾಡಿಗೆಯವರ ಹೆಸರು ಇರುವುದೇ ಇಲ್ಲ. ಅದಕ್ಕೆ ಮನೆಯ ಅಜ್ಜಿಯರನ್ನೇ ಕೇಳಬೇಕು. ಯಾವ ಕೋಣೆಯಲ್ಲಿ ಬಾಣಂತನ ಆಗುತ್ತಿತ್ತು, ಜಗಲಿಯಲ್ಲಿ ಯಾರು ಕೂತು ಹೊಲಿಯುತ್ತಿದ್ದರು, ಹಿಂದಿನ ಭಾಗ ಯಾರಿಗೆ ಬಾಡಿಗೆಗೆ ಕೊಟ್ಟಿದ್ದರು ಅಂತ ಅವರು ಹೇಳುತ್ತಾರೆ. ದಯವಿಟ್ಟು ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

2017ರಲ್ಲಿ ಜೋಡಿ ರೈಲು ಹಳಿಗೆ ಅಡ್ಡವಾಗಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ದೂರಕ್ಕೆ ಸರಿಸಿದ್ದನ್ನು ನೀವೇ ನೋಡಿದ್ದೀರಿ. ಸಾವಿರ ಟನ್ನಿನ ಹತ್ತಿರದ ಕಟ್ಟಡ. ಒಳ್ಳೆಯ ಕೆಲಸ, ನನಗೆ ಅದರ ಬಗ್ಗೆ ಬಹಳ ಹೆಮ್ಮೆ. ಮದ್ದು ತುಂಬಿಡುತ್ತಿದ್ದ ಕೋಣೆಗೆ ಅಷ್ಟು ಶ್ರಮ ಪಡುವ ನಾವು, ಜನ ಹುಟ್ಟಿ ಬೆಳೆದು ಸತ್ತ ಮನೆಗೆ ಒಂದು ನೋಟ್‌ಬುಕ್ಕನ್ನಾದರೂ ಕೊಡಬೇಕು.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: "ಸ್ವಾಮಿ, ನಮ್ಮ ಮನೆ ಸ್ಮಾರಕದ ಪಕ್ಕದಲ್ಲೇ ಇದೆ. ಮಾಡು ಸೋರುತ್ತೆ. ಕೈ ಹಾಕೋಕೆ ಅಪ್ಪಣೆ ಬೇಕಂತಾರೆ. ನಾವೇನು ಮಾಡೋಣ?"

ಬಹಳ ನ್ಯಾಯವಾದ ಪ್ರಶ್ನೆ. ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದು ಕಟ್ಟಬೇಕು. ಕೋಟೆಯೊಳಗೆ ಹೆಜ್ಜೆಗೊಂದು ಸ್ಮಾರಕ ಇರುವುದರಿಂದ ನಿಮ್ಮ ಕಷ್ಟ ನಿಜವಾದದ್ದು. ಆದರೆ ಇರುವ ಮನೆಯ ರಿಪೇರಿಗೆ ಕಾಯ್ದೆ ಅಡ್ಡಿ ಮಾಡುವುದಿಲ್ಲ, ಅರ್ಜಿ ಹಾಕಿ ಅನುಮತಿ ಪಡೆಯಬೇಕು. ಬೀದಿಯವರೆಲ್ಲ ಸೇರಿ ಒಟ್ಟಿಗೆ ಅರ್ಜಿ ಹಾಕಿದರೆ ಓಡಾಟ ಕಡಿಮೆಯಾಗುತ್ತದೆ. 2014ರಲ್ಲಿ ಶ್ರೀರಂಗಪಟ್ಟಣದ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಆ ಗೌರವದ ಭಾರವನ್ನೆಲ್ಲ ಸೋರುವ ಮಾಡಿನ ಕೆಳಗೆ ಮಲಗುವವರ ಮೇಲೆ ಹಾಕುವುದು ಸರಿಯಲ್ಲ. ಹಳೇ ಮನೆ ಉಳಿಸಿಕೊಳ್ಳುವವರಿಗೆ ಮರ, ಹೆಂಚು, ಸುಣ್ಣದ ಗಾರೆ ಕೆಲಸದವರ ನೆರವು ಸಿಗಬೇಕು ಅಂತ ನಾನು ಎಲ್ಲಿ ಹೋದರೂ ಹೇಳುತ್ತೇನೆ.

ಇನ್ನು ಮನೆ ಕೆಡವದೆ ಬೇರೆ ದಾರಿಯೇ ಇಲ್ಲ ಅನ್ನುವ ಹಾಗಾದರೆ, ಕೆಡವುವ ಮುಂಚೆ ಎಲ್ಲ ಕೋಣೆಗಳ ಫೋಟೋ ತೆಗೆಯಿರಿ. ತೊಟ್ಟಿಯ, ಪಡಸಾಲೆಯ ಉದ್ದ ಅಗಲ ಅಳೆದು ಬರೆದಿಡಿ. ಯಾರ್ಯಾರು ಯಾವಾಗಿಂದ ಅಲ್ಲಿದ್ದರು, ಬಾಡಿಗೆಯವರೂ ಸೇರಿ, ಗೊತ್ತಿದ್ದಷ್ಟು ಹೆಸರು ಬರೆಯಿರಿ. ಅದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ.